ಕ್ಯಾಮ್ ಗುರುತು ತಿರುಗಿ ನಿಂತರೆ?

ಪ್ರಶ್ನೆ: ಆಫ್‌ರೋಡ್ ಬೈಕಿನ ಟೈಮಿಂಗ್ ನೋಡುವಾಗ ಮ್ಯಾಗ್ನೆಟ್ಟಿನ ‘ಟಿ’ ಗುರುತು ಸರಿಯಾಗಿ ಕೂತಿದೆ. ಆದರೆ ಎರಡೂ ವಾಲ್ವ್‌ಗಳು ಸ್ವಲ್ಪ ತೆರೆದಿವೆ. ಏನು ತಪ್ಪಾಗಿದೆ?

ಉತ್ತರ: ಬಹುಶಃ ಏನೂ ತಪ್ಪಾಗಿಲ್ಲ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ಹಾಕಿದಾಗ ಕ್ಯಾಮ್ ಒಂದೇ ಸುತ್ತು ಹಾಕುತ್ತದೆ. ಹಾಗಾಗಿ ‘ಟಿ’ ಗುರುತು ಎರಡು ಸಲ ಬರುತ್ತದೆ: ಕಂಪ್ರೆಷನ್ ಮುಗಿದಾಗ ಒಮ್ಮೆ, ಹೊಗೆ ಹೊರಹೋಗಿ ಮುಗಿಯುವಾಗ ಇನ್ನೊಮ್ಮೆ. ನೀವು ಕಂಡದ್ದು ಎರಡನೆಯದು. ಎಂಜಿನ್ ಓಡುವ ದಿಕ್ಕಿನಲ್ಲೇ ಇನ್ನೊಂದು ಸುತ್ತು ತಿರುಗಿಸಿ. ರಾಕರ್‌ಗಳು ಬೆರಳಿಗೆ ಸಣ್ಣಗೆ ಅಲುಗಾಡಬೇಕು.

ಚೈನ್ ಬಿಚ್ಚಿದ್ದರೆ ಈ ಹುಡುಕಾಟವೇ ಬೇಡ. ಸಾಮಾನ್ಯ ಸಿಂಗಲ್ ಸಿಲಿಂಡರ್ ಎಂಜಿನ್ನಿನಲ್ಲಿ ‘ಟಿ’ ಗುರುತು ಬಂದದ್ದು ಕಂಪ್ರೆಷನ್ನಿನದೋ ಅಲ್ಲವೋ ಎಂದು ನಿರ್ಧರಿಸುವುದು ಕ್ಯಾಮ್. ಪಿಸ್ಟನ್ ಮೇಲೆ ತಂದು, ಲೋಬ್‌ಗಳು ರಾಕರ್ ಒತ್ತದಂತೆ ಕ್ಯಾಮ್ ಕೂರಿಸಿ, ಸ್ಪ್ರಾಕೆಟ್ ಗುರುತನ್ನು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವಂತೆ ಹೊಂದಿಸಿ. ಕ್ರ್ಯಾಂಕ್ ತಿರುಗಿಸುವಾಗ ಚೈನನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿದಿರಿ. ಇಲ್ಲದಿದ್ದರೆ ಕೆಳಗಿನ ಹಲ್ಲಿನ ಬಳಿ ಮುದುಡಿ ಸಿಕ್ಕಿಕೊಳ್ಳುತ್ತದೆ.

ಹೆಚ್ಚಿನವರು ಎಡವುವುದು ಚೈನಿನ ಸಡಿಲದಲ್ಲಿ. ಟೆನ್ಷನರ್ ಇಲ್ಲದ ಬದಿ ಬಿಗಿಯಾದ ಮೇಲೆಯೇ ಗುರುತು ನೋಡಬೇಕು. ಕ್ಯಾಮ್ ಸ್ಪ್ರಾಕೆಟ್‌ಗೆ 36 ಹಲ್ಲಿದ್ದರೆ, ಒಂದು ಹಲ್ಲು ತಪ್ಪಿದರೂ ಕ್ಯಾಮ್ 10 ಡಿಗ್ರಿ, ಅಂದರೆ ಕ್ರ್ಯಾಂಕ್ ಲೆಕ್ಕದಲ್ಲಿ 20 ಡಿಗ್ರಿ ಸರಿಯುತ್ತದೆ. ಸ್ಟಾರ್ಟಿಂಗ್ ಕಷ್ಟವಾಗಬಹುದು, ಏರಿನಲ್ಲಿ ಎಳೆತ ಸಾಯುತ್ತದೆ. ಇನ್ನೂ ಹೆಚ್ಚು ತಪ್ಪಿದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಬಾಗಬಹುದು.

ಟೆನ್ಷನರ್ ಕೂರಿಸಿ ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಗುರುತುಗಳನ್ನು ಮತ್ತೆ ನೋಡಿ. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ, ಸೆಲ್ಫ್ ಅಂತೂ ಒತ್ತಲೇಬೇಡಿ.