ಗಡಿನಾಡಿನ ಬಯಲಲ್ಲಿ ಹಕ್ಕಿ ಲೆಕ್ಕ

ಆಂಧ್ರದ ಗಡಿಯೂರು ಮಡಕಶಿರಾದ ಎರಡು ಬದಿಗೆ ಎರಡು ಹಳ್ಳಿಗಳಿವೆ. ಪೂರ್ವಕ್ಕೆ, ಹಿಂದೂಪುರ ದಾಟಿದ ಮೇಲೆ, ಚಿಲಮತ್ತೂರು ಮಂಡಲದ ವೀರಾಪುರ. ಪಶ್ಚಿಮಕ್ಕೆ, ರಾಜ್ಯದ ಗಡಿ ದಾಟಿದರೆ, ಕರ್ನಾಟಕದ ಶಿರಾ ತಾಲ್ಲೂಕಿನ ಕಗ್ಗಲಡು. ಎರಡೂ ಊರುಗಳಲ್ಲಿ ಮನೆಗಳ ನಡುವೆಯೇ ನಿಂತ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಚಳಿ ಮುಗಿಯುವ ಹೊತ್ತಿಗೆ ಬಂದು, ಸುಡುಬೇಸಿಗೆಯಲ್ಲಿ ಮರಿ ಸಾಕಿ, ಮುಂಗಾರು ಬಲಿತ ಮೇಲೆ ಹೊರಡುತ್ತವೆ. ಅಷ್ಟೂ ತಿಂಗಳು ಹಿಕ್ಕೆಯ ವಾಸನೆ, ಮರಿಗಳ ಗಲಾಟೆ, ಅಂಗಳಕ್ಕೆ ಬೀಳುವ ಮೀನಿನ ಚೂರು ಎಲ್ಲವನ್ನೂ ಊರವರು ಸಹಿಸಿಕೊಳ್ಳುತ್ತಾರೆ. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನ ಎಂದು ನಂಬಿದ್ದಾರೆ. ಮಂಡ್ಯ ಸೀಮೆಯ ಕೊಕ್ಕರೆಬೆಳ್ಳೂರಿನಲ್ಲಿ ಇಂಥ ಹಕ್ಕಿಗಳನ್ನು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಆ ಭಾವ ಇಲ್ಲಿಯೂ ಇದೆ.

ಆದರೆ ಒಂದು ತಪ್ಪು ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಇವು ಸೈಬೀರಿಯಾದಿಂದ ಬರುತ್ತವೆ ಎಂದು ಊರವರೂ ಹೇಳುತ್ತಾರೆ, ಪತ್ರಿಕೆಗಳೂ ಬರೆಯುತ್ತವೆ. ಅದು ನಿಜವಲ್ಲ. ಚಳಿಗಾಲಕ್ಕೆಂದು ಉತ್ತರದಿಂದ ಬರುವ ಹಕ್ಕಿ ಇಲ್ಲಿ ಗೂಡು ಕಟ್ಟುವುದಿಲ್ಲ. ಇಲ್ಲಿ ಹೊಟ್ಟೆ ತುಂಬಿಸಿಕೊಂಡು, ಮರಿ ಮಾಡಲು ತನ್ನ ನಾಡಿಗೆ ಮರಳುತ್ತದೆ. ಬಣ್ಣದ ಕೊಕ್ಕರೆ ನಮ್ಮ ಉಪಖಂಡದಲ್ಲೇ ವರ್ಷವಿಡೀ ಇರುವ ಹಕ್ಕಿ. ಒಂದು ಕೆರೆ ಬತ್ತಿದರೆ ಇನ್ನೊಂದು ಕೆರೆ ಹುಡುಕಿಕೊಂಡು ಅಲೆಯುತ್ತದೆ, ಅಷ್ಟೆ. ವೀರಾಪುರದ ಹುಣಸೆಮರದಲ್ಲಿ ಕಣ್ಣು ಬಿಟ್ಟ ಮರಿ ಈ ನೆಲದ್ದೇ. ಅದರ ಅಳಿವು ಉಳಿವು ಎಲ್ಲೋ ದೂರದ ದೇಶದಲ್ಲಿ ತೀರ್ಮಾನವಾಗುವುದಿಲ್ಲ. ಚಿಲಮತ್ತೂರು, ಹಿಂದೂಪುರ, ಮಡಕಶಿರಾ, ಶಿರಾ ಸುತ್ತಿನ ಕೆರೆಗಳಲ್ಲೇ ಆಗುತ್ತದೆ.

ಇದಕ್ಕೆ ಕಾರಣ ಅದರ ಕೊಕ್ಕಿನಲ್ಲಿದೆ. ಬಕ ಕಣ್ಣಿಟ್ಟು ಮೀನು ಹಿಡಿಯುತ್ತದೆ. ಬಣ್ಣದ ಕೊಕ್ಕರೆ ಹಿಡಿಯುವುದು ಸ್ಪರ್ಶದಿಂದ. ಮೊಣಕಾಲುದ್ದ ಕದಡು ನೀರಿನಲ್ಲಿ ನಿಂತು, ಕೊಕ್ಕನ್ನು ಅರ್ಧ ತೆರೆದು ಮುಳುಗಿಸಿ, ತಲೆಯನ್ನು ಆಚೆ ಈಚೆ ಆಡಿಸುತ್ತದೆ. ಕಾಲಿನಿಂದ ಕೆಸರು ಕೆದಕಿ ಮೀನನ್ನು ಎಬ್ಬಿಸುತ್ತದೆ. ಮೀನು ತಗುಲಿತೋ, ಕೊಕ್ಕು ತಾನಾಗಿ ಮುಚ್ಚಿಕೊಳ್ಳುತ್ತದೆ. ಇದೇ ಕುಲದ ಅಮೆರಿಕದ ಕೊಕ್ಕರೆಯಲ್ಲಿ ಈ ವೇಗವನ್ನು 1960ರ ದಶಕದಲ್ಲಿ ಅಳೆದಾಗ ಸಿಕ್ಕಿದ್ದು ಒಂದು ಸೆಕೆಂಡಿನ ನಲವತ್ತನೆಯ ಒಂದು ಭಾಗ. ಇಂಥ ಬೇಟೆಗೆ ಮೀನು ಒತ್ತಾಗಿ ಇರಬೇಕು, ನೀರು ಆಳವಿರಬಾರದು. ಬೇಸಿಗೆ ಏರುತ್ತ ಕೆರೆ ಕುಗ್ಗಿದಾಗ, ಉಳಿದ ನೀರಿನಲ್ಲಿ ಮೀನೆಲ್ಲ ಒಂದೆಡೆ ಸೇರಿದಾಗ ಅದಕ್ಕೆ ಸುಗ್ಗಿ. ಮರಿಗಳಿಗೆ ಹಸಿವು ಹೆಚ್ಚುವುದೂ ಆಗಲೇ. ಹೂಳು ತೆಗೆಯುವ ಹೆಸರಿನಲ್ಲಿ ಕೆರೆಯನ್ನು ದಡದಿಂದ ದಡಕ್ಕೆ ಬಾವಿಯಂತೆ ತೋಡಿದರೆ ನೀರು ನಿಲ್ಲಬಹುದು, ಕೊಕ್ಕರೆ ನಿಲ್ಲಲಾರದು. ಹುಣಸೆಮರವನ್ನು ಉಳಿಸಿ ಕೆರೆಯಂಚನ್ನು ಕಳೆದುಕೊಂಡರೆ ಗೂಡು ಖಾಲಿಯೇ.

ಕಗ್ಗಲಡಿನ ಕೊಕ್ಕರೆಗಳು ಹೊರಜಗತ್ತಿಗೆ ಗೊತ್ತಾದದ್ದು 1999ರಲ್ಲಿ, ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ ಎಂಬ ಹವ್ಯಾಸಿಗಳ ತಂಡದಿಂದ. ಬೇರೆ ಬೇರೆ ವೃತ್ತಿಯಲ್ಲಿದ್ದು ಬಿಡುವಿನ ದಿನಗಳಲ್ಲಿ ಬೈನಾಕ್ಯುಲರ್ ಹಿಡಿದು ತಿರುಗುತ್ತಿದ್ದವರು ಅವರು. ಅದೇ ತಂಡ ಮಡಕಶಿರಾದ ಗಡಿಗೆ ಅಂಟಿಕೊಂಡಂತಿರುವ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳನ್ನೂ ಹಕ್ಕಿಗಳನ್ನೂ ದಾಖಲಿಸುತ್ತ ಬಂತು. 2007ರಲ್ಲಿ ಆ ಬಯಲು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಹವ್ಯಾಸ ಎಂದರೆ ಹೊತ್ತು ಕಳೆಯುವ ದಾರಿ ಎಂದು ಭಾವಿಸಿದವರು ಕಗ್ಗಲಡು, ಜಯಮಂಗಲಿ ಎಂಬ ಈ ಎರಡು ಹೆಸರುಗಳನ್ನು ನೆನಪಿನಲ್ಲಿಡಬೇಕು.

ನಮ್ಮ ಬಯಲುಸೀಮೆಗೆ ಇಂಥ ಕಣ್ಣುಗಳು ಮಲೆನಾಡಿಗಿಂತ ಹೆಚ್ಚು ಬೇಕು. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 550 ಮಿ.ಮೀ. ಮಳೆ. ದಟ್ಟ ಕಾಡು ಬೆಳೆಯುವ ನೆಲವಲ್ಲ ಇದು. ಕುರುಚಲು, ಹುಲ್ಲು, ಕಲ್ಲುಗುಡ್ಡ, ನಡುವೆ ಕಡಲೆಕಾಯಿ ಹೊಲ. ಸರ್ಕಾರಿ ಕಡತಗಳಲ್ಲಿ ಇಂಥ ಬಯಲಿನ ಬಹುಪಾಲು ಬಂಜರು ಎಂದೇ ದಾಖಲಾಗಿದೆ. ಬಂಜರು ಎಂದು ಬರೆದ ಮೇಲೆ ಅಲ್ಲಿ ಏನು ಬೇಕಾದರೂ ಮಾಡಬಹುದು. ಗುಂಡಿ ತೋಡಿ ನೀಲಗಿರಿ ನೆಡಬಹುದು, ಸೋಲಾರ್ ಫಲಕ ಹಾಸಬಹುದು. ಪಕ್ಕದ ಪಾವಗಡದಲ್ಲಿ 13,000 ಎಕರೆಯ ಮೇಲೆ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಬಿಸಿಲಿನ ವಿದ್ಯುತ್ ನಾಡಿಗೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ಬಯಲನ್ನು ಅದಕ್ಕೆ ಕೊಡಬೇಕು, ಯಾವುದನ್ನು ಕೊಡಬಾರದು ಎಂದು ತೀರ್ಮಾನಿಸುವ ಮೊದಲು ಆ ಬಯಲಿನಲ್ಲಿ ಯಾರು ಬದುಕಿದ್ದಾರೆ ಎಂಬುದು ತಿಳಿದಿರಬೇಕಲ್ಲವೆ?

ಬದುಕಿರುವವರು ಸಾಮಾನ್ಯರಲ್ಲ. ಸ್ಯಾಂಡ್‌ಗ್ರೌಸ್ ಎಂಬ ಮಣ್ಣುಬಣ್ಣದ ಹಕ್ಕಿಯನ್ನೇ ನೋಡಿ. ಪಾರಿವಾಳದ ಗಾತ್ರ, ನೆಲದ ಮೇಲೆಯೇ ಮೊಟ್ಟೆ. ದಿನವೂ ನಿಗದಿಯಾದ ಹೊತ್ತಿಗೆ ಗುಂಪಾಗಿ ನೀರಿಗೆ ಬರುತ್ತದೆ. ಗಂಡು ನೀರಿನಲ್ಲಿ ಕುಳಿತು ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಹಾರಿ ಹೋಗುತ್ತದೆ, ಮರಿಗಳು ಆ ಗರಿಗಳನ್ನು ಚೀಪಿ ಬಾಯಾರಿಕೆ ತೀರಿಸಿಕೊಳ್ಳುತ್ತವೆ. ಆ ಗರಿಗಳ ಎಳೆಗಳು ಸುರುಳಿಯಾಗಿದ್ದು, ಒದ್ದೆಯಾದಾಗ ಬಿಚ್ಚಿಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಸೆಳೆವ (ಹ್ಯಾರಿಯರ್) ಎಂಬ ಬೇಟೆಹಕ್ಕಿಗಳು ಬರುತ್ತವೆ. ಹಗಲೆಲ್ಲ ಹೊಲಗಳ ಮೇಲೆ ತೀರ ಕೆಳಗೆ ತೇಲುತ್ತ ಮಿಡತೆ, ಇಲಿ, ಸಣ್ಣಹಕ್ಕಿ ಹಿಡಿಯುತ್ತವೆ. ರಾತ್ರಿ ಮರದಲ್ಲಿ ಕೂರುವುದಿಲ್ಲ, ಹುಲ್ಲಿನ ನಡುವೆ ನೆಲದ ಮೇಲೆಯೇ ಒಟ್ಟಾಗಿ ಮಲಗುತ್ತವೆ. ಹುಲ್ಲುಗಾವಲು ಹೋದರೆ ಅವುಗಳಿಗೆ ಮಲಗಲು ಜಾಗವಿಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ವರ್ಷಗಟ್ಟಲೆ ಈ ರಾತ್ರಿತಂಗುದಾಣಗಳಲ್ಲಿ ಎಣಿಕೆ ಮಾಡಿ, ಸೆಳೆವಗಳು ಕಡಿಮೆಯಾಗುತ್ತಿರುವುದನ್ನು ತೋರಿಸಿದ್ದಾರೆ.

ಅನಂತಪುರ ಸೀಮೆಯ ಇನ್ನೊಂದು ಹಕ್ಕಿಯ ಕತೆ ಜಗತ್ತಿಗೇ ಗೊತ್ತು. ಕೋರ್ಸರ್ ಎಂಬ ಓಟದ ಹಕ್ಕಿಗಳ ಗುಂಪಿನ ಒಂದನ್ನು ಸೇನಾ ವೈದ್ಯ ಥಾಮಸ್ ಜೆರ್ಡನ್ 1848ರ ಸುಮಾರಿಗೆ ಕಂಡುಹಿಡಿದ, ಅವನ ಹೆಸರೇ ಅದಕ್ಕೆ ಉಳಿಯಿತು. ಕೊನೆಗೆ ಅದನ್ನು ಕಂಡದ್ದು 1900ರಲ್ಲಿ, ಅನಂತಪುರದ ಹತ್ತಿರ. ಆಮೇಲೆ ಎಂಬತ್ತೈದು ವರ್ಷ ಸುಳಿವಿಲ್ಲ. ನಿರ್ನಾಮವಾಯಿತೆಂದೇ ಬಹಳ ಜನ ತೀರ್ಮಾನಿಸಿದ್ದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಹಳ್ಳಿ ಹಳ್ಳಿ ಸುತ್ತಿ, ಹಕ್ಕಿ ಹಿಡಿಯುವವರಿಗೆ, ದನ ಕಾಯುವವರಿಗೆ ಚಿತ್ರ ತೋರಿಸಿ ವಿಚಾರಿಸಿದರು. 1986ರ ಜನವರಿಯಲ್ಲಿ ಕಡಪ ಜಿಲ್ಲೆಯ ರೆಡ್ಡಿಪಲ್ಲಿಯ ಬಳಿ ಸ್ಥಳೀಯ ಬೇಟೆಗಾರರೊಬ್ಬರು ರಾತ್ರಿ ಟಾರ್ಚ್ ಬೆಳಕಿನಲ್ಲಿ ಅದನ್ನು ಹಿಡಿದರು. ಹಗಲು ಪೊದೆಯಲ್ಲಿ ಅಡಗಿ ರಾತ್ರಿ ಓಡಾಡುವ ಹಕ್ಕಿ ಅದು. ವಿಜ್ಞಾನಿಗಳಿಗೆ ಕಾಣದಿದ್ದರೂ ಅಲ್ಲಿಯ ಜನ ಅದನ್ನು ಕಲಿವಿ ಕೋಡಿ ಎಂದು ಕರೆಯುತ್ತಿದ್ದರು. ಆ ಕುರುಚಲು ಕಾಡು 1988ರಲ್ಲಿ ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯವಾಯಿತು. ಮುಂದೆ ತೆಲುಗು ಗಂಗಾ ಕಾಲುವೆ ಆ ಜಾಗಕ್ಕೆ ನುಗ್ಗಿದಾಗ, ಹಕ್ಕಿ ಅಲ್ಲಿದೆ ಎಂಬ ದಾಖಲೆ ಇದ್ದುದರಿಂದಲೇ ಕಾಲುವೆಯ ದಾರಿಯನ್ನು ಬದಲಿಸಬೇಕಾಯಿತು. ದಾಖಲೆ ಇಲ್ಲದಿದ್ದರೆ ಅದೂ ಒಂದು ಬಂಜರು ನೆಲವಷ್ಟೆ.

ಹಾಗಾದರೆ ಹವ್ಯಾಸಿಯೊಬ್ಬ ಬರೆದಿಟ್ಟ ಚೀಟಿ ವಿಜ್ಞಾನವಾಗುವುದು ಹೇಗೆ? ಕೆರೆಯ ಏರಿಯ ಮೇಲೆ ನಿಂತು ಕಾಲು ಗಂಟೆಯೋ ಒಂದು ಗಂಟೆಯೋ ಕಂಡ ಎಲ್ಲ ಹಕ್ಕಿಗಳನ್ನೂ ಬರೆಯಬೇಕು. ಎಲ್ಲ ಎಂಬ ಮಾತು ಇಲ್ಲಿ ಮುಖ್ಯ. ಅಪರೂಪದ್ದನ್ನು ಮಾತ್ರ ಬರೆದು ಕಾಗೆ, ಗೊರವಂಕ, ಕಾಜಾಣ ಬಿಟ್ಟರೆ ಪಟ್ಟಿ ಕೆಟ್ಟಂತೆ. ಪೂರ್ತಿ ಪಟ್ಟಿಯಲ್ಲಿ ಒಂದು ಹೆಸರು ಇಲ್ಲವೆಂದರೆ, ನೋಡಿದರೂ ಕಾಣಲಿಲ್ಲ ಎಂದು ಅರ್ಥ. ಆ ಇಲ್ಲ ಎಂಬುದೂ ಮಾಹಿತಿಯೇ. ಒಂದು ಪ್ರದೇಶದ ನೂರು ಪಟ್ಟಿಗಳಲ್ಲಿ ನಲವತ್ತರಲ್ಲಿ ನೀಲಕಂಠ ಇತ್ತು ಎನ್ನೋಣ. ಇಪ್ಪತ್ತು ವರ್ಷದ ಮೇಲೆ ಅಲ್ಲಿಯೇ ನೂರು ಪಟ್ಟಿಗಳಲ್ಲಿ ಇಪ್ಪತ್ತೈದರಲ್ಲಿ ಮಾತ್ರ ಸಿಕ್ಕರೆ, ನೀಲಕಂಠ ಎಷ್ಟಿವೆ ಎಂದು ಒಂದೊಂದಾಗಿ ಎಣಿಸದೆಯೂ ಅದು ಕಡಿಮೆಯಾಗಿದೆ ಎಂದು ಹೇಳಬಹುದು. ಎಷ್ಟು ಹೊತ್ತು ನೋಡಿದರು, ಎಷ್ಟು ದೂರ ನಡೆದರು ಎಂಬುದನ್ನೂ ಬರೆದಿದ್ದರೆ ಲೆಕ್ಕ ಇನ್ನೂ ಗಟ್ಟಿ. ಒಬ್ಬರ ತಪ್ಪು ಸಾವಿರಾರು ಜನರ ಪಟ್ಟಿಯ ನಡುವೆ ಕರಗಿಹೋಗುತ್ತದೆ.

ಇದು ಬರಿಯ ಊಹೆಯಲ್ಲ. 2023ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಸುಮಾರು 30,000 ಪಕ್ಷಿವೀಕ್ಷಕರು ಇ-ಬರ್ಡ್ ಎಂಬ ಜಾಲತಾಣದಲ್ಲಿ ದಾಖಲಿಸಿದ ಮೂರು ಕೋಟಿ ಮಾಹಿತಿಗಳ ಮೇಲೆ ನಿಂತಿದೆ. 942 ಜಾತಿಗಳನ್ನು ಪರಿಶೀಲಿಸಿ 178 ಜಾತಿಗಳಿಗೆ ತುರ್ತು ಗಮನ ಬೇಕು ಎಂದಿದೆ. ಹೆಚ್ಚು ಪೆಟ್ಟು ತಿಂದವುಗಳಲ್ಲಿ ಹುಲ್ಲುಗಾವಲು, ಕುರುಚಲು ಬಯಲಿನ ಹಕ್ಕಿಗಳು ಸೇರಿವೆ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವೂ ಇಳಿಮುಖದಲ್ಲಿದೆ. ನವಿಲಾದರೋ ಶೇ. 150ರಷ್ಟು ಏರಿಕೆ ಕಂಡಿದೆ. ಬಿತ್ತಿದ ಕಾಳನ್ನು ನವಿಲು ಕೆದಕಿ ತಿನ್ನುತ್ತದೆ ಎಂದು ರೈತರು ಹೇಳುವಾಗ ಅದನ್ನು ಸುಮ್ಮನೆ ಗೊಣಗಾಟ ಎಂದು ತಳ್ಳಿಹಾಕುವಂತಿಲ್ಲ, ಲೆಕ್ಕ ಅವರ ಪರವಾಗಿಯೇ ಇದೆ. ಹಕ್ಕಿ ಎಣಿಕೆ ಹಕ್ಕಿಗಳ ಪರ ವಕಾಲತ್ತು ಮಾತ್ರವಲ್ಲ, ಇದ್ದದ್ದನ್ನು ಇದ್ದಂತೆ ಹೇಳುತ್ತದೆ ಎಂಬುದೇ ನನಗೆ ಅದರ ದೊಡ್ಡ ಗುಣವಾಗಿ ಕಾಣುತ್ತದೆ.

ಈ ಮೂರು ಕೋಟಿ ಮಾಹಿತಿಯಲ್ಲಿ ನಮ್ಮ ಗಡಿನಾಡಿನದೇ ಇನ್ನೊಂದು ಊರಾದ ರಾಯದುರ್ಗದ ಪಾಲು ಎಷ್ಟಿದ್ದೀತು? ಬೆಂಗಳೂರಿನವರು ವೀರಾಪುರಕ್ಕೆ ಬಂದು ಕೊಕ್ಕರೆಗಳ ಫೋಟೊ ತೆಗೆದು ಮರಳುತ್ತಾರೆ. ಬಳ್ಳಾರಿ ಕಡೆಯವರು ದರೋಜಿಯ ಕರಡಿಧಾಮಕ್ಕೆ ಹೋಗುತ್ತಾರೆ. ನಡುವಿನ ರಾಯದುರ್ಗ ಯಾರ ದಾರಿಯಲ್ಲೂ ಇಲ್ಲ. 2022ರಲ್ಲಿ ಜಿಲ್ಲೆ ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಎರಡೂ ಕಡೆ ಮನೆಮಾತು ಕನ್ನಡವಾದ ಹಳ್ಳಿಗಳು ಸಾಲುಸಾಲಾಗಿವೆ. ರಾಯದುರ್ಗದ ಸುತ್ತ ಏನಿಲ್ಲ? ಹಗರಿ ಎಂದು ಕರೆಯುವ ವೇದಾವತಿ ಹೊಳೆ, ಅದಕ್ಕೆ ಕಟ್ಟಿದ ಭೈರವಾನಿತಿಪ್ಪ ಜಲಾಶಯ, ಕಣೇಕಲ್ಲಿನ ದೊಡ್ಡ ಕೆರೆ. ಗಾಳಿಗೆ ಹಗರಿಯ ಮರಳು ಹಾರಿ ಕಣೇಕಲ್ಲು, ಬೊಮ್ಮನಹಾಳದ ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ಕರಾವಳಿಯಿಂದ ಇಷ್ಟು ದೂರದಲ್ಲಿ ಮರಳುದಿಬ್ಬ! ಡಿ. ಹಿರೇಹಾಳದ ಕಡೆ ಕಬ್ಬಿಣದ ಅದಿರಿನ ಗುಡ್ಡಗಳು, ಗಣಿಗಳು. ಊರಿನ ನೆತ್ತಿಯ ಮೇಲೆ ಕೋಟೆಯ ಬಂಡೆಬೆಟ್ಟ. ಹಳದಿ ಕತ್ತಿನ ಪಿಕಳಾರವೆಂಬ, ದಕ್ಷಿಣ ಭಾರತದ ಬಂಡೆಬೆಟ್ಟಗಳನ್ನು ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲದ ಹಕ್ಕಿಗೆ ಇಂಥ ಬೆಟ್ಟಗಳೇ ಮನೆ. ನಂದಿಬೆಟ್ಟದಲ್ಲೂ ದರೋಜಿಯಲ್ಲೂ ಅದಿದೆ. ಬಂಡೆ ಒಡೆದು ಜಲ್ಲಿ ಮಾಡಿದಂತೆಲ್ಲ ಅದಕ್ಕೆ ನೆಲೆ ತಪ್ಪುತ್ತದೆ. ಅತ್ತ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳು ಕಾಣಿಸಿಕೊಂಡಿವೆ. ಅಂಥದೇ ಎರೆಭೂಮಿ ಬೊಮ್ಮನಹಾಳದ ಕಡೆಗೂ ಚಾಚಿದೆ, ನೋಡುವವರು ಬೇಕು.

ನೋಡುವುದಕ್ಕೆ ದೊಡ್ಡ ಬಂಡವಾಳ ಬೇಡ. 8x42 ಎಂದು ಬರೆದಿರುವ ಬೈನಾಕ್ಯುಲರ್ ಒಂದು ಸಾಕು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿ.ಮೀ. ಅಗಲವಿರುವುದರಿಂದ ಮುಂಜಾನೆಯ ಮಬ್ಬಿನಲ್ಲೂ ಬೆಳಕು ಹಿಡಿಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಪುಸ್ತಕಗಳು ಕನ್ನಡದಲ್ಲೇ ಇವೆ. ಪಕ್ಷಿವೀಕ್ಷಣೆಯನ್ನು ಅಂಚೆಯ ಮೂಲಕ ಕಲಿಸಿದ ಶಾಲೆಯೊಂದು ರಾಯಲಸೀಮೆಯಲ್ಲೇ ಇದೆ. ಮದನಪಲ್ಲಿಯ ಋಷಿವ್ಯಾಲಿಯಲ್ಲಿ ಎಸ್. ರಂಗಸ್ವಾಮಿ ನಡೆಸಿದ ಮನೆಪಾಠದ ಕೋರ್ಸಿನಿಂದ ದೇಶದ ಮೂಲೆಮೂಲೆಯ ಜನ ಹಕ್ಕಿ ಗುರುತಿಸಲು ಕಲಿತರು.

ಆದರೆ ಬಯಲಿಗೆ ಇಳಿಯುವವರಿಗೆ ಒಂದು ಎಚ್ಚರ ಬೇಕು. ಟಿಟ್ಟಿಭ, ನೆಲಗುಬ್ಬಿ, ಕೋರ್ಸರ್, ಸ್ಯಾಂಡ್‌ಗ್ರೌಸ್ ಎಲ್ಲವೂ ಬರಿನೆಲದ ಮೇಲೆ ಮೊಟ್ಟೆ ಇಡುತ್ತವೆ. ಏಪ್ರಿಲ್ ಮಧ್ಯಾಹ್ನ ತಾಯಿಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ಟಿಟ್ಟಿಭವಂತೂ ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯನ್ನು ತಂಪಾಗಿಸುತ್ತದೆ. ಫೋಟೊಗಾಗಿ ಅದನ್ನು ಎಬ್ಬಿಸಿ ಹತ್ತಿಪ್ಪತ್ತು ನಿಮಿಷ ದೂರ ನಿಲ್ಲಿಸಿದರೆ ಮೊಟ್ಟೆಯೊಳಗಿನ ಜೀವ ಬೆಂದುಹೋಗಬಹುದು. ಗೂಬೆಯ ಗೂಡು ಎಲ್ಲಿದೆ ಎಂದು ಊರಿಗೆಲ್ಲ ಸಾರುವುದೂ ಬೇಡ, ಅದನ್ನು ಹುಡುಕಿಕೊಂಡು ಬರುವವರೆಲ್ಲ ನೋಡಲೆಂದೇ ಬರುವುದಿಲ್ಲ.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತ 2013ರಿಂದ ಅದರಲ್ಲಿ ಸೇರಿದೆ. ಜನವರಿಯಲ್ಲಿ ಕೆರೆ ಹಕ್ಕಿಗಳ ಏಷ್ಯಾ ಗಣತಿ. ಎರಡಕ್ಕೂ ಶುಲ್ಕವಿಲ್ಲ, ಪದವಿ ಕೇಳುವುದಿಲ್ಲ, ಹದಿನೈದು ನಿಮಿಷದ ಪಟ್ಟಿಯೂ ಲೆಕ್ಕಕ್ಕೆ ಸಲ್ಲುತ್ತದೆ. ಅಮರಾಪುರ, ಅಗಳಿ, ರೊಳ್ಳ, ಗುಮ್ಮಗಟ್ಟ, ಕಣೇಕಲ್ಲಿನ ಶಾಲಾ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ಈ ಸಲ ಮಕ್ಕಳನ್ನು ಊರ ಕೆರೆಯ ಏರಿಯ ಮೇಲೆ ನಿಲ್ಲಿಸಿ ಕಂಡ ಹಕ್ಕಿಗಳನ್ನೆಲ್ಲ ಬರೆಸಿ. ಮುಂದಿನ ವರ್ಷವೂ ಅದೇ ಕೆರೆಗೆ, ಅದೇ ಹೊತ್ತಿಗೆ ಹೋಗಿ. ಕೆರೆಗೋ ಬಯಲಿಗೋ ಯಂತ್ರ ಬಂದು ನಿಂತ ದಿನ, ಇಲ್ಲಿ ಇಂಥಿಂಥ ಹಕ್ಕಿಗಳಿವೆ ಎಂದು ಅಧಿಕಾರಿಗಳ ಮುಂದೆ ಇಡಲು ನಿಮ್ಮ ಕೈಯಲ್ಲಿ ಕಾಗದವಿರುತ್ತದೆ.