ಮದುವೆ ಮಂಟಪದ ಹೂವು: ಅಲಂಕಾರ ಹೊಲದಿಂದಲೇ ಆರಂಭ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತರಿಗೆ ಹೂವಿನ ಬೇಸಾಯ ಹೊಸದೇನಲ್ಲ. ಟೊಮ್ಯಾಟೊ, ಹಿಪ್ಪುನೇರಳೆಗಳ ಮಗ್ಗುಲಲ್ಲೇ ಅರ್ಧ ಎಕರೆ ಚೆಂಡು ಹೂವು, ಕಾಲು ಎಕರೆ ಸೇವಂತಿಗೆ ಅಥವಾ ಆಸ್ಟರ್ ಬೆಳೆಯುವವರು ಇಲ್ಲಿ ಬಹಳ ಮಂದಿ. ಹೂವನ್ನು ಬಿಡಿಸಿ, ಮೂಟೆ ಕಟ್ಟಿ, ಬೆಳಗಿನ ಬಂಡಿಗೆ ಹಾಕಿದರೆ ತಮ್ಮ ಕೆಲಸ ಮುಗಿಯಿತೆಂದು ಅವರಲ್ಲಿ ಹೆಚ್ಚಿನವರು ತಿಳಿಯುತ್ತಾರೆ. ಅದೇ ಹೂವು ಎರಡು ಮೂರು ಕೈ ದಾಟಿ ಕಲ್ಯಾಣ ಮಂಟಪದ ಕಂಬ ಏರುವ ಹೊತ್ತಿಗೆ ಅದನ್ನು ಕಿಲೋ ಲೆಕ್ಕದಲ್ಲಿ ಯಾರೂ ಕೇಳುವುದಿಲ್ಲ. ಅಲಂಕಾರ ಮಾಡುವವರು ಮಾರುವುದು ಮಂಟಪವನ್ನು, ಹೂವನ್ನಲ್ಲ.

ನಾನು ಬೇಸಾಯಶಾಸ್ತ್ರ ಬೋಧಿಸುವವನು. ಮಂಟಪ ಕಟ್ಟುವುದು ನನ್ನ ಕಸುಬಲ್ಲ. ಆದರೆ ಮಂಟಪ ಕಟ್ಟುವವರ ಪಕ್ಕದಲ್ಲಿ ಒಂದು ಸಂಜೆ ನಿಂತು ನೋಡಿದವರಿಗೆ, ಅವರ ತೊಂದರೆಗಳಲ್ಲಿ ಹೆಚ್ಚಿನವು ಹೊಲದಲ್ಲಿ ಹುಟ್ಟಿದವು ಎಂಬುದು ತಿಳಿಯುತ್ತದೆ. ಒಂದೇ ಮೂಟೆಯಲ್ಲಿ ಸಣ್ಣ ದೊಡ್ಡ ಹೂ ಬೆರೆತಿರುವುದು, ಬಣ್ಣ ಬೆರೆತಿರುವುದು, ಒದ್ದೆಯಾಗಿ ತುಂಬಿದ್ದರಿಂದ ಒಳಗೆ ಕಾವೆದ್ದು ಕಪ್ಪಾಗಿರುವುದು, ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದ ದಿನ ಹೂ ಸಿಗದೆ ಬೇಡದ ದಿನ ರಾಶಿ ಬೀಳುವುದು. ಸಾವಿರ ಅಡಿಗೂ ಆಳದ ಕೊಳವೆ ಬಾವಿಯಿಂದ ನೀರೆತ್ತಿ ಬೆಳೆದ ಹೂವು ಆಷಾಢದಲ್ಲಿ ಅರಳಿ ತಿಪ್ಪೆ ಸೇರಬಾರದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಹರಿದು ಬಂದಿದೆ, ನಿಜ. ಹಾಗೆಂದು ನೀರು ಅಗ್ಗವಾಯಿತೆಂದು ಯಾರೂ ಭಾವಿಸಬೇಕಾಗಿಲ್ಲ.

ಮೂವತ್ತು ಗಂಟೆಯ ಹೂವು

ನಮ್ಮ ಕಡೆಯ ಮದುವೆಗಳಲ್ಲಿ ಸಾಮಾನ್ಯವಾಗಿ ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಹೂವನ್ನು ಆರತಕ್ಷತೆಯ ದಿನ ಬೆಳಗಿನ 6 ಗಂಟೆಗೆ ಬಿಡಿಸಿದರೆ ಮಧ್ಯಾಹ್ನ ಪೋಣಿಸಿ ಸಂಜೆ 5ಕ್ಕೆ ಕಟ್ಟಬೇಕು. ಮರುದಿನ ಊಟದ ಹೊತ್ತಿನವರೆಗೆ ಅದು ನಿಂತಿರಬೇಕು. ಅಂದರೆ ಗಿಡ ಬಿಟ್ಟ ಮೇಲೆ ಸುಮಾರು 30 ಗಂಟೆ, ಅದರಲ್ಲಿ ಒಂದು ಇಡೀ ರಾತ್ರಿ ದೀಪಗಳ ಶಾಖದಲ್ಲಿ. ಮಂಟಪದ ವಿನ್ಯಾಸವನ್ನು ಈ 30 ಗಂಟೆಯಿಂದಲೇ ಆರಂಭಿಸತಕ್ಕದ್ದು.

ಚೆಂಡು ಹೂವು, ಸೇವಂತಿಗೆ, ಆಸ್ಟರ್ ಈ ಅವಧಿಯನ್ನು ನೀರಿಲ್ಲದೆ ಸಹಿಸುತ್ತವೆ. ಆದುದರಿಂದ ಕಂಬ, ಕಮಾನು, ತೋರಣಗಳಿಗೆ ಇವೇ ತಕ್ಕವು. ಬಿಡಿ ಗುಲಾಬಿ ಎರಡನೆಯ ಬೆಳಿಗ್ಗೆ ದಳ ಉದುರಿಸುತ್ತದೆ; ಅದನ್ನು ಧಾರೆಯ ದಿನವೇ ತಂದು ಹಾರಕ್ಕೆ, ತಟ್ಟೆಗೆ ಬಳಸುವುದು ಲೇಸು. ಸುಗಂಧರಾಜದ ಮೊಗ್ಗು ಸಂಜೆ ಅರಳಿ ಪರಿಮಳ ಬೀರುವುದರಿಂದ ಆರತಕ್ಷತೆಯ ಹಾರಕ್ಕೆ ಅದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಹಾರಕ್ಕೆ ಒಂದು ಸುತ್ತಿನ ತಳಿಗಳೂ, ಕಡ್ಡಿ ಸಮೇತ ನಿಲ್ಲಿಸಲು ಹೆಚ್ಚು ಸುತ್ತಿನ ತಳಿಗಳೂ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ್ ಮತ್ತು ಪ್ರಜ್ವಲ್ ಮೊದಲ ಬಗೆಯವು. ಸುವಾಸಿನಿ ಮತ್ತು ವೈಭವ್ ಎರಡನೆಯ ಬಗೆಯವು. ಪಾಲಿಹೌಸಿನ ಜರ್ಬೆರಾ, ಕಾರ್ನೇಶನ್‌ಗಳಿಗೆ ಮಾತ್ರ ಕಟ್ಟಿದ ಮೇಲೂ ನೀರು ಬೇಕು.

ಈ ನೀರಿಗಾಗಿ ಹಸಿರು ಬಣ್ಣದ ಕೃತಕ ಸ್ಪಂಜನ್ನು ಎಲ್ಲೆಡೆ ಬಳಸುತ್ತಾರೆ. ಅದು ಪ್ಲಾಸ್ಟಿಕ್ಕಿನದೇ ಒಂದು ರೂಪ, ಮಣ್ಣಿನಲ್ಲಿ ಕರಗುವುದಿಲ್ಲ. ನಮ್ಮಲ್ಲಿ ಗೊನೆ ಕಡಿದ ಬಾಳೆಯ ಕಾಂಡ ಬೇಕಾದಷ್ಟಿದೆ. ಅದನ್ನು ಒಂದು ಅಡಿ ಉದ್ದಕ್ಕೆ ತುಂಡರಿಸಿ, ಕಡ್ಡಿಯಿಂದ ತೂತು ಮಾಡಿ ಹೂವಿನ ದಂಟು ಸಿಕ್ಕಿಸಿದರೆ ಒಂದು ರಾತ್ರಿಗೆ ಸಾಕಾಗುವ ತೇವ ಅದರಲ್ಲೇ ಇರುತ್ತದೆ. ಜರ್ಬೆರಾದ ದಂಟು ಮೆದು, ತೂತು ಮಾಡದೆ ಒತ್ತಿದರೆ ಮುರಿಯುತ್ತದೆ.

ಎಲೆ, ತುಂಬು ಹೂವು, ಕಣ್ಣು ಹೂವು

ಒಂದು ಮಂಟಪವನ್ನು ಮೂರು ಭಾಗವಾಗಿ ನೋಡುವುದು ಅನುಕೂಲ. ಹಿನ್ನೆಲೆಯನ್ನು ಮುಚ್ಚುವುದು ಎಲೆ. ಜಾಗ ತುಂಬುವುದು ಚೆಂಡು ಹೂವು, ಸೇವಂತಿಗೆ, ಆಸ್ಟರ್. ಇವುಗಳನ್ನು ತುಂಬು ಹೂವು ಎನ್ನೋಣ. ನೋಡುವವರ ದೃಷ್ಟಿ ಬಂದು ನಿಲ್ಲುವುದು ಜರ್ಬೆರಾ, ಗುಲಾಬಿ, ಕಾರ್ನೇಶನ್‌ಗಳಂತಹ ಕಣ್ಣು ಹೂವಿನ ಮೇಲೆ. ಅನುಭವವಿಲ್ಲದವರು ಕಣ್ಣು ಹೂವಿಗೇ ಹಣವೆಲ್ಲ ಸುರಿಯುತ್ತಾರೆ. ಮಂಟಪದ ಅರ್ಧ ಭಾಗ ಎಲೆಯಿರಲಿ. ಕಣ್ಣು ಹೂವು ವಧೂವರರ ತಲೆಯ ಮಟ್ಟದಲ್ಲಿ ಮತ್ತು ಕಮಾನಿನ ನಡುವೆ ಗುಂಪಾಗಿದ್ದರೆ ಸಾಕು, ಕಾಲ ಬಳಿ ಬೇಕಾಗಿಲ್ಲ.

ಎಲೆಯ ವಿಷಯದಲ್ಲಿ ನಮ್ಮ ತಾಲ್ಲೂಕುಗಳು ಶ್ರೀಮಂತ. ಶ್ರೀನಿವಾಸಪುರದ ಮಾವಿನ ಹೆಸರು ಕೇಳದವರಿಲ್ಲ, ಆದರೆ ಅಲ್ಲಿನ ಮಾವಿನ ಸೊಪ್ಪಿಗೂ ಒಂದು ಬೆಲೆಯಿದೆ ಎಂಬುದನ್ನು ತೋಟದವರು ನೆನೆಯುವುದು ಕಡಿಮೆ. ಕೊಯ್ಲಾದ ಮೇಲೆ ಸವರುವ ರೆಂಬೆಗಳ ಬಲಿತ ಎಲೆ ತೋರಣಕ್ಕೆ ಒಳ್ಳೆಯದು. ಕೆಂಪು ಚಿಗುರು ಎರಡು ಗಂಟೆಯಲ್ಲೇ ಜೋತು ಬೀಳುತ್ತದೆ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಹಳೆಯ ಬುಡಗಳು ಇನ್ನೂ ಉಳಿದಿರುವ ಕಡೆ ಅವುಗಳಿಂದ ಚಿಗುರುವ ಬೂದಿ ಬಣ್ಣದ ಎಳೆಯ ಕವಲುಗಳು ಮಂಟಪಕ್ಕೆ ಬಹಳ ಚೆನ್ನಾಗಿ ಒದಗುತ್ತವೆ, ಬೇಗ ಬಾಡುವುದೂ ಇಲ್ಲ. ಅಂತರ್ಜಲ ಹೀರಿದ ಮರದಿಂದ ಇಷ್ಟಾದರೂ ಉಪಕಾರವಾಗಲಿ.

ಬಣ್ಣ ಆರಿಸುವಾಗ ದೀಪವನ್ನು ಮರೆಯಬಾರದು. ನೇರಳೆ ಆಸ್ಟರ್ ಹಗಲಿನಲ್ಲಿ ಎಷ್ಟು ಚೆಂದವೋ ರಾತ್ರಿಯ ಹಳದಿ ದೀಪದಲ್ಲಿ ಅಷ್ಟೇ ಕಪ್ಪು. ಅದೇ ದೀಪದಲ್ಲಿ ಹಳದಿ ಮತ್ತು ಬಿಳಿ ಹೂಗಳ ವ್ಯತ್ಯಾಸ ಕಾಣುವುದಿಲ್ಲ. ರಾತ್ರಿ ಆರತಕ್ಷತೆಗೆ ಬಿಳಿ ಮತ್ತು ತಿಳಿ ಗುಲಾಬಿ, ಬೆಳಗಿನ ಧಾರೆಗೆ ಕಿತ್ತಳೆ ಮತ್ತು ಹಳದಿ ಒಪ್ಪುತ್ತವೆ. ವಧುವಿನ ಸೀರೆ ಕೆಂಪಾದರೆ ಬೆನ್ನ ಹಿಂದೆ ಕೆಂಪು ಹೂವಿನ ಗೋಡೆ ಕಟ್ಟಿಸಬೇಡಿ. ಭಾವಚಿತ್ರದಲ್ಲಿ ಮುಖ ಮಾತ್ರ ಉಳಿಯುತ್ತದೆ.

ಇನ್ನು ಪ್ರಮಾಣ. ಎಂಟು ಅಡಿ ಎತ್ತರದ ನಾಲ್ಕು ಕಂಬಗಳು, ಕಂಬಕ್ಕೆ ಎಂಟು ಸರ ಎಂದಿಟ್ಟುಕೊಳ್ಳಿ. ಒಟ್ಟು 32 ಸರ, 256 ಅಡಿ, ಅಂದರೆ ಸುಮಾರು 78 ಮೀಟರ್. ಹೂವಿನ ಅಗಲ 5 ಸೆಂ.ಮೀ. ಇದ್ದು ಅಡ್ಡಲಾಗಿ ಪೋಣಿಸಿದರೆ ಮೀಟರಿಗೆ 20, ಒಟ್ಟು 1,560 ಹೂ. ಕಿಲೋಗೆ ಎಷ್ಟು ಹೂ ತೂಗುತ್ತದೆಂದು ನಿಮ್ಮ ತಕ್ಕಡಿಯಲ್ಲೇ ಎಣಿಸಿ. 130 ಬಂದರೆ 12 ಕಿ.ಗ್ರಾಂ. ಮುರಿದದ್ದು, ಬಾಡಿದ್ದಕ್ಕೆ ನೂರಕ್ಕೆ 15ರಂತೆ ಸೇರಿಸಿ 14 ಕಿ.ಗ್ರಾಂ. ಕಳುಹಿಸತಕ್ಕದ್ದು. ಹೂವು 4 ಸೆಂ.ಮೀ.ನದಾದರೆ ಅದೇ ಕಂಬಗಳಿಗೆ 1,950 ಹೂ ಬೇಕು, ಪೋಣಿಸುವ ಕೂಲಿಯೂ ಹೆಚ್ಚು. ಆದುದರಿಂದಲೇ ಒಂದೇ ಅಳತೆಯ ಹೂವಿಗೆ ಅಲಂಕಾರದವರು ಹೆಚ್ಚು ಬೆಲೆ ಕೊಡಲು ಹಿಂಜರಿಯುವುದಿಲ್ಲ. ಗಾತ್ರ ಬೇರ್ಪಡಿಸಲು ಯಂತ್ರ ಬೇಕಿಲ್ಲ, 5 ಸೆಂ.ಮೀ. ಅಗಲದ ತಂತಿಯ ಉಂಗುರ ಸಾಕು, ಅದೂ ಇಲ್ಲದಿದ್ದರೆ ಅಷ್ಟೇ ಅಗಲದ ಮಕ್ಕಳ ಬಳೆ.

ಮುಹೂರ್ತದಿಂದ ಹಿಂದಕ್ಕೆ ಎಣಿಸಿ

ಹೂವಿನ ಬೆಳೆಗೆ ಮಳೆಯ ಪಂಚಾಂಗಕ್ಕಿಂತ ಮದುವೆಯ ಪಂಚಾಂಗ ಮುಖ್ಯ. ಕನ್ನಡ, ತೆಲುಗು ಮನೆಗಳದು ಚಾಂದ್ರಮಾನ. ಆಷಾಢದಲ್ಲಿ, ಅಧಿಕ ಮಾಸದಲ್ಲಿ, ಪಿತೃಪಕ್ಷದಲ್ಲಿ ಮದುವೆಯಿಲ್ಲ. 2023ರಲ್ಲಿ ಜೂನ್ 19ರಿಂದ ಆಷಾಢ, ಅದು ಮುಗಿದೊಡನೆ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣ. ಹೀಗೆ ಎರಡು ತಿಂಗಳು ಮಂಟಪಗಳು ಬರಿದಾದವು. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ, ಅಂದರೆ ಬೇರೆ ವರ್ಷಗಳಲ್ಲಿ ಮದುವೆಗಳು ಒತ್ತಾಗಿರುವ ಕಾಲದಲ್ಲೇ. ಇದನ್ನು ಬಿತ್ತುವ ಮೊದಲು ನೋಡಬೇಕೇ ಹೊರತು ಹೂ ಬಂದ ಮೇಲಲ್ಲ.

ಗಡಿಯ ರೈತರಿಗೆ ಇಲ್ಲೊಂದು ಅನುಕೂಲವಿದೆ. ತಮಿಳರದು ಸೌರಮಾನ. ಅವರು ಆಡಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮದುವೆ ಮಾಡುವುದಿಲ್ಲ. ಅದರ ಹಿಂದಿನ ಆನಿ ತಿಂಗಳಲ್ಲಿ ಮಾಡುತ್ತಾರೆ. 2023ರಲ್ಲಿ ನಮ್ಮ ಆಷಾಢ ಹೆಚ್ಚುಕಡಿಮೆ ಅವರ ಆನಿಯಲ್ಲೇ ಬಿದ್ದಿತ್ತು. ಮಾಲೂರಿನಿಂದ ಹೊಸೂರು ದೂರವಲ್ಲ. ಇಲ್ಲಿ ಬೇಡಿಕೆ ನಿಂತ ಹೂವಿಗೆ ಅಲ್ಲಿ ಕೇಳುವವರು ಇರಬಹುದು. ಧನುರ್ಮಾಸ ಮಾತ್ರ ಇಬ್ಬರಿಗೂ ನಿಷಿದ್ಧ.

ಚೆಂಡು ಹೂವಿನ ಲೆಕ್ಕ ಸುಲಭ. ಸಸಿಮಡಿಯಲ್ಲಿ 25 ದಿನ, ನಾಟಿಯಾದ ಮೇಲೆ ತುಂಬು ಕೊಯ್ಲಿಗೆ ಸುಮಾರು 60 ದಿನ. ಏಪ್ರಿಲ್ ಕೊನೆಯ ವಾರದ ಮುಹೂರ್ತಕ್ಕೆ ಜನವರಿ ಕೊನೆಯಲ್ಲಿ ಬಿತ್ತಿ ಫೆಬ್ರವರಿ ಮೂರನೆಯ ವಾರ ನಾಟಿ ಮಾಡಬೇಕು. ನಾಟಿಯಾದ ಮೂರು ನಾಲ್ಕು ವಾರಕ್ಕೆ ಕುಡಿ ಚಿವುಟಿದರೆ ಕವಲು ಹೆಚ್ಚಿ ಹೂವು ಒಟ್ಟಾಗಿ ಬರುತ್ತದೆ. ಮೊದಲ ಹೂ ಕೆಲವು ದಿನ ತಡವಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅರ್ಧ ಎಕರೆಯನ್ನು ಒಂದೇ ದಿನ ನೆಡದೆ ಹತ್ತು ಹದಿನೈದು ದಿನದ ಅಂತರದಲ್ಲಿ ಮೂರು ಕಂತಾಗಿ ನೆಡುವುದು ಉತ್ತಮ. ಆಸ್ಟರ್ ಬಿತ್ತನೆಯಿಂದ ಹೂವಿಗೆ ಸುಮಾರು 110ರಿಂದ 120 ದಿನ ತೆಗೆದುಕೊಳ್ಳುತ್ತದೆ. ಕಾಮಿನಿ, ಪೂರ್ಣಿಮಾ ಒಳ್ಳೆಯ ತಳಿಗಳು. ಸೊರಗು ರೋಗವಿರುವುದರಿಂದ ಅದೇ ಮಡಿಗೆ ಆಸ್ಟರನ್ನು ಮತ್ತೆ ಮತ್ತೆ ಹಾಕಬಾರದು.

ಸೇವಂತಿಗೆಯ ಸಂಗತಿ ಬೇರೆ. ಅದು ರಾತ್ರಿ ದೀರ್ಘವಾದಾಗ ಮೊಗ್ಗು ಕಟ್ಟುವ ಗಿಡ. ತಾನಾಗಿ ಬಿಟ್ಟರೆ ದಸರಾದಿಂದ ಕಾರ್ತಿಕ, ಮಾರ್ಗಶಿರದವರೆಗೆ ಎಲ್ಲರ ಹೊಲದಲ್ಲೂ ಒಟ್ಟಿಗೆ ಅರಳುತ್ತದೆ, ಬೆಲೆ ಬೀಳುತ್ತದೆ. ಆದುದರಿಂದಲೇ ಕೆಲವು ರೈತರು ಹೊಲಕ್ಕೆ ದೀಪ ಕಟ್ಟುತ್ತಾರೆ. ದಾರಿಹೋಕರಿಗೆ ಅದು ಜಾತ್ರೆಯಂತೆ ಕಾಣುತ್ತದೆ. ರಾತ್ರಿ 10ರಿಂದ 2ರವರೆಗೆ ಬೆಳಕು ಕೊಟ್ಟರೆ ದೀರ್ಘ ರಾತ್ರಿ ಎರಡಾಗಿ ಒಡೆದು ಗಿಡ ಮೊಗ್ಗು ಕಟ್ಟದೆ ಬೆಳೆಯುತ್ತದೆ. ದೀಪ ಆರಿಸಿದ ದಿನದಿಂದ ತಳಿಗನುಸಾರ 8ರಿಂದ 10 ವಾರಕ್ಕೆ ಹೂ. ಅಂದರೆ ಹೂ ಬರುವ ವಾರವನ್ನು ರೈತನೇ ಗೊತ್ತುಮಾಡಬಹುದು.

ಬಿಡಿಸುವುದು, ಸಾಗಿಸುವುದು

ಬಿಡಿಸುವ ಹಿಂದಿನ ಸಂಜೆ ಹೊಲಕ್ಕೆ ನೀರು ಕೊಡಿ. ಮಂಜು ಆರಿದ ಮೇಲೆ, ಬಿಸಿಲು ಏರುವ ಮುಂಚೆ ಬಿಡಿಸಿ. ತೂಕ ಬರಲೆಂದು ನೀರು ಚಿಮುಕಿಸುವ ಅಭ್ಯಾಸ ಕೆಟ್ಟದ್ದು. ಅಲಂಕಾರದವರಿಗೆ ಅದು ಒಂದೇ ಸಲಕ್ಕೆ ತಿಳಿಯುತ್ತದೆ, ಎರಡನೆಯ ಸಲ ಅವರು ಬರುವುದಿಲ್ಲ. ಚೀಲದ ಹೊರಮೈ ತೇವವಾಗಿರಲಿ, ಒಳಗಿನ ಹೂ ಒಣಗಿರಲಿ. ಜರ್ಬೆರಾವನ್ನು ಕತ್ತರಿಸದೆ ಬುಡದಲ್ಲಿ ಹಿಡಿದು ಬಾಗಿಸಿ ಎಳೆಯಬೇಕು, ಅನಂತರ ದಂಟಿನ ಗಟ್ಟಿಯಾದ ತುದಿಯನ್ನು ಎರಡು ಮೂರು ಸೆಂ.ಮೀ. ಕತ್ತರಿಸಿ ಶುದ್ಧ ನೀರಿನಲ್ಲಿಡಬೇಕು.

ಶ್ರೀನಿವಾಸಪುರದವರು ಒಂದು ವಿಷಯ ಗಮನಿಸಬೇಕು. ಹಣ್ಣಾಗುತ್ತಿರುವ ಮಾವು ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತದೆ. ಮಾವಿನ ಕ್ರೇಟುಗಳ ಜೊತೆ ಒಂದೇ ಗಾಡಿಯಲ್ಲಿ ಕಾರ್ನೇಶನ್ ಕಳುಹಿಸಿದರೆ ಅದರ ದಳಗಳು ಒಳಕ್ಕೆ ಮುದುಡಿ ಮತ್ತೆ ಅರಳುವುದಿಲ್ಲ. ಮದುವೆಯ ಕಾಲವೂ ಮಾವಿನ ಕಾಲವೂ ಒಂದೇ ಆಗಿರುವುದು ನಮ್ಮ ಅದೃಷ್ಟವೂ ಹೌದು, ತೊಡಕೂ ಹೌದು. ಕೊಯ್ಲಿನ ವಾರದಲ್ಲಿ ಕೀಟನಾಶಕ ಸಿಂಪಡಿಸಬಾರದು. ಈ ಹೂವು ಹೋಗುವುದು ವಧುವಿನ ಕೊರಳಿಗೆ, ಮುಡಿಗೆ.

ಮಾತು ಕಾಗದದ ಮೇಲಿರಲಿ

ಅಲಂಕಾರದವರೊಡನೆ ಮಾತಾಡಿದ್ದನ್ನು ಬರೆದುಕೊಳ್ಳಿ: ದಿನಾಂಕ, ಬಣ್ಣ, ಹೂವಿನ ಅಳತೆ, ಕಿಲೋ, ಎಷ್ಟು ಗಂಟೆಗೆ ಎಲ್ಲಿಗೆ, ಮುಂಗಡ ಎಷ್ಟು. ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಬಿಡಿ ಹೂವಿನ ಬದಲು ಪೋಣಿಸಿದ ಸರವನ್ನೇ ಒದಗಿಸಬಹುದು. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳು ಹಳ್ಳಿ ಹಳ್ಳಿಯಲ್ಲಿ ರಚನೆಯಾದವು. ಇಂತಹ ಸಂಘದ ಹತ್ತು ಮಂದಿ ಬೆಳಿಗ್ಗೆ ಕುಳಿತರೆ ನಾಲ್ಕು ಕಂಬದ ಸರ ಊಟದ ಹೊತ್ತಿಗೆ ಮುಗಿಯುತ್ತದೆ, ಪೋಣಿಸುವ ಕೂಲಿಯೂ ಊರಲ್ಲೇ ಉಳಿಯುತ್ತದೆ. ವಿಸ್ತರಣಾ ಕಾರ್ಯಕರ್ತರು ಹೂ ಬೆಳೆಯುವವರನ್ನೂ ಇಂತಹ ಸಂಘಗಳನ್ನೂ ಒಂದೆಡೆ ಸೇರಿಸಿದರೆ ಈ ಕೆಲಸ ಬೇಗ ಸಾಗುತ್ತದೆ.

ಮದುವೆಯೊಂದನ್ನೇ ನಂಬುವುದೂ ಸರಿಯಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಬಂದು ಮದುವೆಗಳೂ ದೇವಸ್ಥಾನಗಳೂ ಒಟ್ಟಿಗೆ ನಿಂತಾಗ ಅರಳಿದ ಹೂವನ್ನು ರೈತರು ಹೊಲದಲ್ಲೇ ಉತ್ತು ಹಾಕಬೇಕಾಯಿತು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿಯಂತೆ, ಒಂದು ಹೆಕ್ಟೇರಿನ ಮಿತಿಯಲ್ಲಿ ಪರಿಹಾರ ಘೋಷಿಸಿತು. ಪಾಲಿಹೌಸಿಗೆ ಸಾಲ ಮಾಡಿದ್ದವರಿಗೆ ಅದು ಎಷ್ಟರ ಮಟ್ಟಿಗೆ ಸಾಕಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮುಹೂರ್ತವಿಲ್ಲದ ತಿಂಗಳುಗಳಲ್ಲಿ ಕೈಹಿಡಿಯುವಂಥದ್ದು ವಿವಾಹ ವಾರ್ಷಿಕೋತ್ಸವ. ಇದನ್ನು ಇಂಗ್ಲಿಷ್ ತಾರೀಖಿನಂತೆ ಆಚರಿಸುವುದರಿಂದ ಆಷಾಢವಾದರೂ ಅಡ್ಡಿಯಿಲ್ಲ. ಇಪ್ಪತ್ತೈದನೆಯ, ಐವತ್ತನೆಯ ವರ್ಷದ ಸಮಾರಂಭಗಳಿಗೆ ಕಂಬದ ಮಂಟಪ ಬೇಡ. ದಂಪತಿಗಳು ಕೂರುವ ಕುರ್ಚಿಯ ಹಿಂದೆ ಒಂದು ಆರಡಿಯ ಹಲಗೆ, ಅದರ ತುಂಬ ಎಲೆ, ಒಂದು ಮೂಲೆಯಿಂದ ಇಳಿಯುವ ಬಿಳಿ ಸೇವಂತಿಗೆ ಮತ್ತು ಮೂವತ್ತು ನಲವತ್ತು ಜರ್ಬೆರಾ. ಷಷ್ಟಿಪೂರ್ತಿಗೆ ಇದರೊಡನೆ ಬಾಗಿಲ ತೋರಣ, ಎರಡು ಸುಗಂಧರಾಜದ ಹಾರ. ಹಳ್ಳಿಯ ಯುವಕರು ಕಲಿಯಲು ಇಂತಹ ಸಣ್ಣ ಅಲಂಕಾರಗಳೇ ಸೂಕ್ತ. ತಳಿ ಮತ್ತು ಬೇಸಾಯ ಕ್ರಮಗಳ ವಿಷಯದಲ್ಲಿ ಕೋಲಾರದ ತಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರ ಮತ್ತು ತೋಟಗಾರಿಕೆ ಮಹಾವಿದ್ಯಾಲಯದ ತಜ್ಞರನ್ನು ಕೇಳಬಹುದು. ಹೋಗುವಾಗ ಮುಂದಿನ ವರ್ಷದ ಪಂಚಾಂಗವನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.