ಬೇಟೆಯ ಕೋವಿಯ ಭಾರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ—ಈ ನಾಲ್ಕು ತಾಲ್ಲೂಕುಗಳ ನೆಲವನ್ನು ಕಂಡವರಿಗೆ, ಅಲ್ಲಿ ಅಲೆಯುತ್ತಿದ್ದ ಬೇಟೆಗಾರನು ಹಗುರವಾದ ಕೋವಿಯನ್ನು ಏತಕ್ಕೆ ಬಯಸುತ್ತಿದ್ದನೆಂಬುದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಂಡುಕಲ್ಲುಗಳು, ಮುಳ್ಳುಪೊದೆ, ನೆರಳಿಲ್ಲದ ಬಯಲು. ಬಂಡೆ ಹತ್ತುವಾಗ ಒಂದು ಕೈ ಕಲ್ಲಿಗೇ ಬೇಕು. ಕೋವಿಗೆ ಉಳಿಯುವುದು ಇನ್ನೊಂದೇ.

ಇಲ್ಲಿಯ ಮೃಗಗಳೂ ಎರಡು ತೆರನಾದುವು. ಗವಿಗಳ ಸಂದಿನಲ್ಲಿ ವಾಸಿಸುವ ಕರಡಿ ಹತ್ತು ಮಾರು ದೂರದಲ್ಲಿ ತಟ್ಟನೆ ಎದುರಾಗುವಂಥದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನ ಕೃಷ್ಣಮೃಗವಾದರೋ ನೂರಾರು ಗಜ ದೂರದಲ್ಲಿಯೇ ನಮ್ಮನ್ನು ಕಂಡು ನೆಗೆದೋಡುವಂಥದು. ಮೊದಲನೆಯದಕ್ಕೆ ಭಾರಿ ಗುಂಡು, ಎರಡನೆಯದಕ್ಕೆ ಅಲುಗದ ಗುರಿ ಬೇಕಾಗುತ್ತಿತ್ತು. ಎರಡೂ ಹಗುರವಾದ ಕೋವಿಗೆ ಒಗ್ಗುವ ಗುಣಗಳಲ್ಲ, ತೊಡಕಿರುವುದು ಇಲ್ಲಿಯೇ.

ಇದೆಲ್ಲ ಹಿಂದಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಮನಬಂದಂತೆ ಬೇಟೆಯಾಡುವ ಕಾಲ ಮುಗಿಯಿತು. ಮೈದನಹಳ್ಳಿಯ ಬಯಲು 2007ರಲ್ಲಿ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಯಿತು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರ ಮೃಗದ ಅಭಯಾರಣ್ಯವಾಯಿತು. ಆದರೂ ಬೆಳೆ ಕಾಯಲು ಪರವಾನಗಿ ಪಡೆದವರ ಕೈಯಲ್ಲಿಯೂ ಗುರಿಸ್ಪರ್ಧೆಯವರ ಕೈಯಲ್ಲಿಯೂ ಕೋವಿ ಉಂಟು. ಭಾರದ ಪ್ರಶ್ನೆಯೂ ಉಂಟು.

ಭಾರವನ್ನು ಇಳಿಸಿದರೆ ಏನಾಗುತ್ತದೆ? 1687ರಲ್ಲಿ ನ್ಯೂಟನ್ ಮಹಾಶಯನು ಪ್ರಕಟಿಸಿದ ಮೂರನೆಯ ನಿಯಮವನ್ನು ಶಾಲೆಯ ಹುಡುಗರೂ ಬಲ್ಲರು: ಕ್ರಿಯೆಗೆ ಸಮನಾದ ಪ್ರತಿಕ್ರಿಯೆ. ಗುಂಡೂ ಉರಿದ ಮದ್ದಿನ ಹೊಗೆಯೂ ಮುಂದಕ್ಕೆ ಎಷ್ಟು ಸಂವೇಗದಿಂದ ಹೋಗುವುವೋ ಅಷ್ಟೇ ಸಂವೇಗದಿಂದ ಕೋವಿ ಹಿಂದಕ್ಕೆ ಬರಬೇಕು. ಜಿಂಕೆಯ ಬೇಟೆಗೆ ಬಳಸುತ್ತಿದ್ದ ಸಾಧಾರಣ ರೈಫಲೊಂದು 8 ರಾತ್ತಲು ತೂಗುವುದೆಂದುಕೊಳ್ಳೋಣ. ಅದು ಸೆಕೆಂಡಿಗೆ ಸುಮಾರು 10 ಅಡಿ ವೇಗದಿಂದ ಭುಜವನ್ನು ಒದೆಯುತ್ತದೆ. ತೋಟಾ ಅದೇ ಆಗಿದ್ದು ರೈಫಲು 6 ರಾತ್ತಲಿಗಿಳಿದರೆ, ವೇಗ ಸುಮಾರು 13 ಅಡಿಗೇರುತ್ತದೆ. ಹೊಡೆತದ ಶಕ್ತಿ ವೇಗದ ವರ್ಗದಂತೆ ಬೆಳೆಯತಕ್ಕದ್ದಾದುದರಿಂದ, ಭಾರದಲ್ಲಿ ಕಾಲುಭಾಗ ಕಳೆದವನು ಒದೆತದಲ್ಲಿ ಮೂರನೆಯ ಒಂದು ಭಾಗ ಕೂಡಿಸಿಕೊಳ್ಳುತ್ತಾನೆ. ಬೆಟ್ಟ ಹತ್ತುವಾಗ ಉಳಿಸಿದ್ದನ್ನು ಭುಜದ ಮೂಳೆ ತೆರಬೇಕು.

ಭುಜದ ನೋವು ದೊಡ್ಡದಲ್ಲ. ಒದೆತಕ್ಕೆ ಒಮ್ಮೆ ಅಂಜಿದವನು ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ; ಗುಂಡು ಎದೆಗೆ ತಗಲುವ ಬದಲು ಹೊಟ್ಟೆಗೋ ಕಾಲಿಗೋ ತಗಲುತ್ತದೆ. ಗಾಯಗೊಂಡ ಕರಡಿ ಪೊದೆಗೆ ನುಗ್ಗಿತೆಂದರೆ, ಅದರ ಉಗುರಿಗೆ ಸಿಕ್ಕುವವನು ಬಹುಮಟ್ಟಿಗೆ ಬೇಟೆಗಾರನಲ್ಲ. ಮಾರನೆಯ ಬೆಳಿಗ್ಗೆ ಸೌದೆಗೆ ಹೋದವಳು, ಇಲ್ಲವೆ ದನ ಕಾಯುವ ಹುಡುಗ.

ಹಿಂದಿನವರು ಈ ಲೆಕ್ಕವನ್ನು ಮತ್ತೊಂದು ತುದಿಯಿಂದ ಬಿಡಿಸಿದ್ದರು. ಮೈಸೂರು ಸಂಸ್ಥಾನದಲ್ಲಿ ಆನೆಗಳನ್ನು ಹಿಡಿಸಿದ ಸ್ಯಾಂಡರ್ಸನ್ ಸಾಹೇಬನ ಕಾಲದಲ್ಲಿ—ಆತನ ಗ್ರಂಥ ಅಚ್ಚಾದುದು 1878ರಲ್ಲಿ—ದೊಡ್ಡ ಮೃಗಗಳಿಗೆ 4 ಬೋರಿನ ಕೋವಿಗಳಿದ್ದುವು. ರಾತ್ತಲು ಸೀಸದಲ್ಲಿ ನಾಲ್ಕೇ ಗುಂಡಾಗುವಷ್ಟು ಅಗಲದ ನಳಿಗೆ ಎಂಬುದು ಆ ಹೆಸರಿನ ಅರ್ಥ. ಅಂತಹ ಇಬ್ಬಾಯಿ ಕೋವಿ 20 ರಾತ್ತಲಿನ ಆಸುಪಾಸಿನಲ್ಲಿ ತೂಗುತ್ತಿತ್ತು. ಅದಕ್ಕಿಂತ ಹಗುರವಾಗಿದ್ದರೆ ಹಾರಿಸಿದವನೇ ಉರುಳುತ್ತಿದ್ದನು. ಹೊರುವುದಕ್ಕೆ ಬೇರೆ ಆಳಿದ್ದನೆಂಬುದನ್ನು ಮರೆಯಬಾರದು. ಭಾರದ ತಾತ್ಸಾರ ಸಾಹೇಬರಿಗೆ ಸುಲಭವಾಗಿತ್ತು.

ಕೋವಿಯ ಭಾರದ ಬಹುಪಾಲು ಅಡಗಿರುವುದು ಉಕ್ಕಿನಲ್ಲಿ. ಆದುದರಿಂದ ನಳಿಗೆಯ ತುದಿಯನ್ನು ಕತ್ತರಿಸೋಣವೆಂಬ ಯೋಚನೆ ಮೊದಲು ಬರುತ್ತದೆ. ಆದರೆ ತುದಿಯಲ್ಲಿ ನಳಿಗೆ ತೆಳು: ಎರಡು ಅಂಗುಲ ಕಡಿದರೆ ಉಳಿಯುವುದು ಸುಮಾರು ಐದು ತೊಲ ಮಾತ್ರ. ಪ್ರತಿಯಾಗಿ ಅಂಗುಲವೊಂದಕ್ಕೆ ಗುಂಡಿನ ವೇಗ ಸೆಕೆಂಡಿಗೆ 20–30 ಅಡಿಯಷ್ಟು ತಗ್ಗುತ್ತದೆ. ಸದ್ದೂ ಬಾಯುರಿಯೂ ಹೆಚ್ಚುತ್ತವೆ. ಮುಂದಿನ ಗುರಿಮೊನೆಯೂ ಹೋಗುತ್ತದೆ. ಅದಲ್ಲದೆ, 1959ರ ಆಯುಧ ಕಾಯಿದೆಯಂತೆ ಪ್ರತ್ಯೇಕ ಪರವಾನಗಿಯಿಲ್ಲದೆ ನಳಿಗೆಯನ್ನು ಮೊಟಕುಗೊಳಿಸುವುದು ಅಪರಾಧ. ಹಳ್ಳಿಯ ಕುಲುಮೆಯಲ್ಲಿ ಗರಗಸ ಹಿಡಿಯುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಸರ್ಕಾರಗಳೂ ಈ ಹಾದಿಯಲ್ಲಿ ಎಡವಿದುದುಂಟು. ಎರಡನೆಯ ಮಹಾಯುದ್ಧದಲ್ಲಿ ಕಾಡುಗಳ ಕಾಳಗಕ್ಕೆಂದು ಬ್ರಿಟಿಷರು 9 ರಾತ್ತಲಿನ ಸೇನಾ ರೈಫಲನ್ನು ಕೆತ್ತಿ, ಕೊರೆದು, ನಳಿಗೆಯನ್ನು ಚಿಕ್ಕದು ಮಾಡಿ 7 ರಾತ್ತಲಿಗಿಳಿಸಿದರು. 1944ರಿಂದ ತಯಾರಾದ ಈ 'ಜಂಗಲ್ ಕಾರ್ಬೈನ್' ಹೊರಲು ಹಿತವಾಗಿತ್ತು. ಒದೆತ ಮಾತ್ರ ಹಿಂಭಾಗಕ್ಕೆ ಅಂಟಿಸಿದ ರಬ್ಬರ್ ಮೆತ್ತೆಗೂ ಬಗ್ಗಲಿಲ್ಲ. ಒಮ್ಮೆ ಹೊಂದಿಸಿದ ಗುರಿ ನಿಲ್ಲದೆ ಅಲೆದಾಡುತ್ತದೆಂಬ ದೂರು ಬಂದಿತು. 1947ರಲ್ಲಿ ತಯಾರಿಕೆ ನಿಂತಿತು.

ಗುರಿಗೂ ಭಾರಕ್ಕೂ ಇರುವ ನಂಟನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮಹಡಿಯ ಮೆಟ್ಟಿಲನ್ನು ಎರಡು ಸಲ ಓಡಿ ಹತ್ತಿ, ಮೊದಲು ಒಂದು ಬಿದಿರುಕಡ್ಡಿಯನ್ನೂ ಅನಂತರ ಒನಕೆಯನ್ನೂ ಗೋಡೆಯ ಮೊಳೆಗೆ ಗುರಿಯಿಟ್ಟು ಹಿಡಿಯಿರಿ. ಏದುಸಿರಿಗೆ ಕಡ್ಡಿಯ ತುದಿ ಕುಣಿಯುತ್ತದೆ. ಒನಕೆಯ ತುದಿ ನಿಧಾನವಾಗಿ ತೂಗುತ್ತದೆ. ಭಾರವು ಕೈಯಿಂದ ದೂರಕ್ಕಿದ್ದಷ್ಟೂ ತುದಿಯನ್ನು ಕದಲಿಸುವುದು ಕಷ್ಟ. ಒನಕೆಯನ್ನು ಬಹಳ ಹೊತ್ತು ಹಿಡಿದರೆ ತೋಳು ಸೋಲುವುದೂ ನಿಜವೇ.

ಹಾಗಾದರೆ ಎಲ್ಲಿ ಕಳೆಯಬಹುದು? ಭುಜಕ್ಕೊತ್ತುವ ಮರದ ಹಿಡಿಯೊಳಗೆ ಅಂಗುಲದಗಲದ ಎರಡು ಕುಳಿಗಳನ್ನು ಆರಂಗುಲ ಆಳಕ್ಕೆ ಕೊರೆಯುವುದು ಹಳೆಯ ಕುಶಲಿಗಳ ಉಪಾಯ. ಎಂಟು ತೊಲ ಕಡಮೆಯಾಗುತ್ತದೆ, ಮತ್ತು ಭಾರದ ಕೇಂದ್ರ ತುಸು ಮುಂದಕ್ಕೆ ಸರಿಯುತ್ತದೆ. ಈಗ ಮರದ ಬದಲು ಗಾಜಿನ ನಾರು, ಇಂಗಾಲದ ನಾರಿನ ಹಿಡಿಗಳು ಬಂದಿವೆ. ನಳಿಗೆಯ ಹೊರಮೈಯಲ್ಲಿ ಉದ್ದುದ್ದ ಗೀರು ತೆಗೆದು ತೂಕವಿಳಿಸುವುದೂ ಉಂಟು. ಆದರೆ ನಳಿಗೆಯ ಹಿಂತುದಿಯಲ್ಲಿ, ತೋಟಾ ಕೂರುವ ಕಡೆ, ಒಂದು ಕೂದಲೆಳೆಯಷ್ಟನ್ನೂ ಅರೆಯಬಾರದು. ಮದ್ದಿನ ಒತ್ತಡ ಚದರ ಅಂಗುಲಕ್ಕೆ 50,000 ರಾತ್ತಲಿನಷ್ಟಾಗಬಹುದು. ಅದನ್ನು ತಡೆಯುವುದು ಆ ಉಕ್ಕೊಂದೇ, ಅದರ ಪಕ್ಕದಲ್ಲಿ ಹಾರಿಸುವವನ ಕೆನ್ನೆ ಇರುತ್ತದೆ.

ಎಲ್ಲಕ್ಕಿಂತ ಅಗ್ಗದ ಉಪಾಯ ಬೇರೊಂದಿದೆ: ಅಗಲವಾದ ತೊಗಲಿನ ಪಟ್ಟಿ. ಇದರಿಂದ ಕೋವಿಯ ತೂಕ ತೊಲದಷ್ಟೂ ಇಳಿಯುವುದಿಲ್ಲ, ಸ್ವಲ್ಪ ಏರುತ್ತದೆ. ಆದರೆ ಭಾರ ಬೆರಳುಗಳಿಂದ ಹೆಗಲಿಗೆ ಹೋಗುತ್ತದೆ, ಬಂಡೆ ಹತ್ತುವವನಿಗೆ ಎರಡು ಕೈಯೂ ಬಿಡುವಾಗುತ್ತವೆ, ಅದೇ ಪಟ್ಟಿಯನ್ನು ಎಡತೋಳಿಗೆ ಸುತ್ತಿ ಬಿಗಿದರೆ ಗುರಿಯೂ ನಿಲ್ಲುತ್ತದೆ.